ಹೊಳೆಯಿಲ್ಲದ ಆಕಾಶದಲ್ಲಿ ಎಂಜಿನ್ನಿಗೆ ನೀರು

ಜೂರಾಲದ ಹಿನ್ನೀರಿನ ದಂಡೆಯ ನಮ್ಮ ಊರಿನಲ್ಲಿ, ಕನ್ನಡ ಶಾಲೆಯ ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳು ಕಳೆದ ಬೇಸಿಗೆಯಲ್ಲಿ ಒಂದು ಪ್ರಶ್ನೆ ಕೇಳಿದಳು. ಹೊಳೆಯ ದಡದಲ್ಲಿ ಹಳೆಯ ಡೀಸೆಲ್ ಎಂಜಿನ್ ಒಂದು ಪಂಪು ತಿರುಗಿಸುತ್ತ ನಿಂತಿತ್ತು. ಅದರ ತಲೆಯಿಂದ ಸಣ್ಣ ಕೊಳವೆಯೊಂದರಲ್ಲಿ ಬಿಸಿನೀರು ಸುರಿಯುತ್ತಿತ್ತು. "ಈ ಎಂಜಿನ್ನಿಗೆ ಹೊಳೆ ಇದೆ. ವಿಮಾನದ ಎಂಜಿನ್ನಿಗೆ ಹೊಳೆ ಎಲ್ಲಿದೆ?" ಎಂದಳು. ನಾನು ವೃತ್ತಿಯಿಂದ ವಕೀಲ. ಉತ್ತರ ತಿಳಿಯದಿದ್ದಾಗ ವಾಯಿದೆ ಕೇಳುವುದು ನಮ್ಮ ವೃತ್ತಿಯ ಮೊದಲ ಪಾಠ. ಅಂತೆಯೇ ವಾಯಿದೆ ಕೇಳಿದೆ. ಆದರೆ ಆ ಪ್ರಶ್ನೆಗೂ ನನಗೂ ಒಂದು ಹಳೆಯ ಲೆಕ್ಕ ಬಾಕಿಯಿದ್ದುದರಿಂದ ಅದನ್ನು ಮರೆಯಲಾಗಲಿಲ್ಲ.

ಮೊದಲು ಹೊಲದ ಎಂಜಿನ್ನಿನ ವಿಷಯ ಹೇಳುತ್ತೇನೆ. ಪಂಪಿನಿಂದ ನೀರು ಹೊರಹೋಗುವ ದೊಡ್ಡ ಕೊಳವೆಗೆ ಅರ್ಧ ಇಂಚಿನ ಕವಲೊಂದನ್ನು ಕೂಡಿಸಿ, ಸಿಲಿಂಡರಿನ ಸುತ್ತಲಿರುವ ನೀರಿನ ಕವಚಕ್ಕೆ ಜೋಡಿಸಿರುತ್ತಾರೆ. ಹೊಳೆಯ ತಣ್ಣೀರು ಕೆಳಗಿನಿಂದ ಒಳಹೊಕ್ಕು, ಸಿಲಿಂಡರಿನ ತಲೆಯನ್ನು ಸುತ್ತಿ, ಮೇಲಿನಿಂದ ಬಿಸಿಯಾಗಿ ಹೊರಬಿದ್ದು ಕಾಲುವೆಯನ್ನು ಸೇರುತ್ತದೆ. ಚಳಿಗಾಲದ ಬೆಳಗಿನಲ್ಲಿ ಆ ನೀರಿನಲ್ಲಿ ಕೈಕಾಲು ತೊಳೆಯದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಅಣೆಕಟ್ಟಿನ ಕೆಳಗಿನ ವಿದ್ಯುದಾಗಾರದಲ್ಲಿ ತಲಾ 39 ಮೆಗಾವಾಟಿನ 6 ಘಟಕಗಳಿವೆ. ಇಂಥ ಜಲವಿದ್ಯುದಾಗಾರಗಳಲ್ಲಿಯೂ ಜನರೇಟರಿನ ಶಾಖವನ್ನು, ಬೇರಿಂಗುಗಳ ಎಣ್ಣೆಯ ಶಾಖವನ್ನು ಹೊತ್ತೊಯ್ಯುವುದು ನೀರೇ. ಒಮ್ಮೆ ಬಿಸಿಯಾದ ನೀರನ್ನು ಮತ್ತೆ ತಣಿಸುವ ಗೋಜು ಹೊಳೆಯ ದಡದವರಿಗೆ ಇಲ್ಲ. ಬಿಟ್ಟುಬಿಟ್ಟರಾಯಿತು, ಹಿಂದೆ ಹೊಸ ನೀರು ಬರುತ್ತಲೇ ಇರುತ್ತದೆ.

ಬಾಕಿಯಿದ್ದ ಲೆಕ್ಕ ಇದು. 1996ರಲ್ಲಿ ನಾನು ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ವಾರ. ಹಿಂಗಾರಿನ ಭತ್ತ ಹಾಲುಗಾಳಿಗೆ ಬಂದಿತ್ತು. ತಂದೆಯವರು ಮದುವೆಯೊಂದಕ್ಕಾಗಿ ರಾಯಚೂರಿಗೆ ಹೋಗಿದ್ದರು. ರಾತ್ರಿ ಎಂಜಿನ್ ಓಡಿಸುವ ಜವಾಬ್ದಾರಿ ನನ್ನದು. ಕವಲು ಕೊಳವೆ ಕಾಲಿಗೆ ತೊಡರುತ್ತದೆಂದು ಅದನ್ನು ಆಳೆತ್ತರದ ಗೂಟವೊಂದರ ಮೇಲೆ ಹಾಯಿಸಿ ಕಟ್ಟಿದೆ. ನೋಡಲು ಅಚ್ಚುಕಟ್ಟಾಗಿತ್ತು. ಹೊಳೆಯಲ್ಲಿ ನೀರು ಇಳಿದಿದ್ದರಿಂದ ಫುಟ್‌ವಾಲ್ವು ಆಗಾಗ ಗಾಳಿ ನುಂಗುತ್ತಿತ್ತು. ಆ ಗಾಳಿ ನೀರಿನೊಡನೆ ಬಂದು ಗೂಟದ ಮೇಲಿನ ಬಾಗಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂಡಿಕೊಂಡಿತು. ಒಂದು ಹಂತದಲ್ಲಿ ಕವಲಿನ ಹರಿವು ನಿಂತೇಹೋಯಿತು. ಕಾಲುವೆಯಲ್ಲಿ ಮಾತ್ರ ನೀರು ಎಂದಿನಂತೆ ಹರಿಯುತ್ತಿತ್ತು. ನಾನು ಕಾಲುವೆಯನ್ನು ನೋಡಿದೆ, ಎಲ್ಲವೂ ಸರಿಯಾಗಿದೆ ಎಂದುಕೊಂಡೆ, ಮಲಗಿದೆ. ಎಚ್ಚರವಾದಾಗ ಎಂಜಿನ್ನಿನ ಬಣ್ಣ ಸುಟ್ಟ ವಾಸನೆ ಬರುತ್ತಿತ್ತು. ಗಾಬರಿಯಲ್ಲಿ ಒಂದು ಬಕೆಟ್ ತಣ್ಣೀರನ್ನು ಅದರ ತಲೆಯ ಮೇಲೆ ಸುರಿದೆ. ಟಣ್ ಎಂಬ ಶಬ್ದ ಇಂದಿಗೂ ಕಿವಿಯಲ್ಲಿದೆ. ಎರಕದ ಕಬ್ಬಿಣ ಬಿರುಕು ಬಿಟ್ಟಿತ್ತು.

ಹೊಸ ತಲೆ ಬಂದು ಎಂಜಿನ್ ಮತ್ತೆ ಓಡುವ ಹೊತ್ತಿಗೆ ಹನ್ನೊಂದು ದಿನ ಕಳೆದಿದ್ದವು. ಎರಡು ಎಕರೆ ಭತ್ತ ಜೊಳ್ಳಾಯಿತು. ನನ್ನನ್ನು ಪಾಲಿಟೆಕ್ನಿಕ್‌ಗೆ ಸೇರಿಸಲೆಂದು ತೆಗೆದಿಟ್ಟಿದ್ದ ಹಣ ಅದಕ್ಕೇ ಹೋಯಿತು. ನಾನು ಕಲಾ ವಿಭಾಗ ಸೇರಿ, ಮುಂದೆ ಎಲ್‌ಎಲ್‌ಬಿ ಮಾಡಿ, ಕರಿಕೋಟು ತೊಟ್ಟೆ. ತಂದೆಯವರು ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಮೆಕ್ಯಾನಿಕ್ ಮಾತ್ರ ಗೂಟವನ್ನು ನೋಡಿ, "ಕೊಳವೆಗೆ ಗಾಳಿ ಹಿಡಿದಿತ್ತು" ಎಂದ. ನಮ್ಮ ಕಡೆ ಬೆಚ್ಚಿಬಿದ್ದ ಮಕ್ಕಳಿಗೂ ಗಾಳಿ ಹಿಡಿಯಿತೆಂದು ಹೇಳಿ ನಿವಾಳಿಸುತ್ತಾರೆ. ಕೊಳವೆಗೆ ಹಿಡಿದ ಗಾಳಿ ನಿವಾಳಿಸಿದರೆ ಹೋಗುವಂಥದಲ್ಲ. ಅದಕ್ಕೆ ಹೊರಹೋಗುವ ದಾರಿ ಬೇಕು.

ಇನ್ನು ಹುಡುಗಿಯ ಪ್ರಶ್ನೆ. ಉತ್ತರ ಹುಡುಕುತ್ತ ಹೋದವನಿಗೆ ಅದು ದೂರದ ದೇಶದಲ್ಲೇನೂ ಇರಲಿಲ್ಲ, ಕೋಲಾರದಲ್ಲಿ ಸಿಕ್ಕಿತು. 2009ರಲ್ಲಿ ಕೋಲಾರದ ವಿಮಾನ ಪಟ್ಟಿಯಿಂದ 'ನಿಶಾಂತ್' ಎಂಬ ಚಾಲಕರಹಿತ ವಿಮಾನವು ಭಾರತದಲ್ಲಿಯೇ ತಯಾರಾದ ವಾಂಕೆಲ್ ಎಂಜಿನ್ನಿನ ಬಲದಿಂದ ಹಾರಿತು. ಅದಕ್ಕೆ ಮೊದಲು ನಿಶಾಂತ್‌ಗೆ ಹೊರದೇಶದ ಎಂಜಿನ್ ಬಳಸುತ್ತಿದ್ದರು. 55 ಅಶ್ವಶಕ್ತಿಯ ಈ ಎಂಜಿನ್ನಿನ ಮುಖ್ಯ ಭಾಗವನ್ನು ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ರೂಪಿಸಿತು. ಕಿಡಿ, ಇಂಧನ ಮೊದಲಾದ ಪೂರಕ ವ್ಯವಸ್ಥೆಗಳನ್ನು ಅಹ್ಮದನಗರದ ವಾಹನ ಸಂಶೋಧನಾ ಸಂಸ್ಥೆ ನೋಡಿಕೊಂಡಿತು. ಹಾರಾಟದ ಹೊಣೆ ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯದು. ಸಮುದ್ರಮಟ್ಟದಿಂದ 1.8 ಕಿಲೋಮೀಟರ್ ಎತ್ತರಕ್ಕೇರಿದ ವಿಮಾನವು 35 ನಿಮಿಷಗಳ ತರುವಾಯ ಬತ್ತಿದ ಕೆರೆಯೊಂದರ ಅಂಗಳದಲ್ಲಿ ಇಳಿಯಿತು. ನಿಶಾಂತ್ ಇಳಿಯುವುದು ಚಕ್ರಗಳ ಮೇಲಲ್ಲ, ಪ್ಯಾರಾಚೂಟಿನಲ್ಲಿ. ಆದ್ದರಿಂದ ಅದಕ್ಕೆ ಬತ್ತಿದ ಕೆರೆಯೇ ಸಾಕು. ಬತ್ತಿದ ಕೆರೆಗೂ ಒಂದು ಉಪಯೋಗವಿದೆ ಎಂದು ನಮ್ಮ ಸೀಮೆಯವರು ಸಮಾಧಾನಪಟ್ಟುಕೊಳ್ಳಬಹುದು. ನಿಶಾಂತ್‌ನ ಮುಂದಿನ ಕಥೆ ಸುಖಕರವಲ್ಲ. ಸೇನೆಗೆ ಸಂದ ನಾಲ್ಕೂ ವಿಮಾನಗಳು 2015ರೊಳಗೆ ನೆಲಕ್ಕೆ ಬಿದ್ದುವೆಂದು ಪತ್ರಿಕೆಗಳು ವರದಿ ಮಾಡಿದವು. ಅಂದು ಬೆಳಗ್ಗೆ ಕೋಲಾರದಲ್ಲಿ ಎಂಜಿನ್ ಹಾರಿದ್ದು ಸುಳ್ಳಲ್ಲ.

ವಾಂಕೆಲ್ ಎಂಜಿನ್ ಎಂದರೇನು? ತಿರುಗುವ ಎಂಜಿನ್ ಎಂಬ ಹೆಸರಿನಲ್ಲಿ ವಿಮಾನಲೋಕದಲ್ಲಿ ಎರಡು ಬೇರೆ ಬೇರೆ ಯಂತ್ರಗಳಿವೆ. ಮೊದಲ ಮಹಾಯುದ್ಧದ ಕಾಲದ ನೋಮ್, ಲೆ ರೋನ್ ಮೊದಲಾದ ಫ್ರೆಂಚ್ ಎಂಜಿನ್ನುಗಳಲ್ಲಿ ಸಿಲಿಂಡರುಗಳೇ ಫ್ಯಾನಿನ ಜೊತೆ ಗಿರ್ರನೆ ತಿರುಗುತ್ತಿದ್ದವು. ತಿರುಗುತ್ತ ತಿರುಗುತ್ತ ಗಾಳಿಗೆ ಒಡ್ಡಿಕೊಂಡು ತಾವೇ ತಣಿಯುತ್ತಿದ್ದವು. ಅವಕ್ಕೆ ನೀರಿನ ಹಂಗಿರಲಿಲ್ಲ. ಎರಡನೆಯದು ಜರ್ಮನಿಯ ಫೆಲಿಕ್ಸ್ ವಾಂಕೆಲ್ ಎಂಬಾತನ ಹೆಸರಿನದು. 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಅದು ಮೊದಲ ಬಾರಿ ಓಡಿತು. ಮುಂದೆ ಜಪಾನಿನ ಮಾಜ್ದಾ ಕಂಪನಿ ಅದನ್ನು ಕಾರುಗಳಲ್ಲಿಟ್ಟು ಪ್ರಸಿದ್ಧಗೊಳಿಸಿತು. ಎರಡು ಬೀಜದ ಶೇಂಗಾಕಾಯಿಯನ್ನು ಉದ್ದಕ್ಕೆ ಸೀಳಿದರೆ ನಡುವಿನಲ್ಲಿ ಸಣ್ಣಗಾದ ಒಂದು ಆಕಾರ ಕಾಣುತ್ತದೆಯಲ್ಲವೆ? ವಾಂಕೆಲ್‌ನ ಕವಚದ ಒಳಗೋಡೆ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಅದರೊಳಗೆ ಉಬ್ಬಿದ ಬದಿಗಳ ತ್ರಿಕೋನವೊಂದು ಮೂರು ಮೂಲೆಗಳನ್ನೂ ಗೋಡೆಗೆ ಒತ್ತಿಕೊಂಡು ಸುತ್ತುತ್ತದೆ. ಪಿಸ್ಟನ್ ಇಲ್ಲ, ವಾಲ್ವು ಇಲ್ಲ. ಹಗುರ, ಚಿಕ್ಕದು, ನಡುಕ ಕಡಿಮೆ. ವಿಮಾನಕ್ಕೆ ಇನ್ನೇನು ಬೇಕು?

ಬೇಕಾದದ್ದು ತಂಪು. ನಮ್ಮ ಡೀಸೆಲ್ ಎಂಜಿನ್ನಿನ ಸಿಲಿಂಡರಿನಲ್ಲಿ ತಣ್ಣನೆಯ ಗಾಳಿ ಬರುವುದೂ ಬೆಂಕಿ ಹೊತ್ತುವುದೂ ಒಂದೇ ಸ್ಥಳದಲ್ಲಿ, ಒಂದಾದ ಮೇಲೊಂದು. ವಾಂಕೆಲ್‌ನಲ್ಲಿ ಹಾಗಲ್ಲ. ಗಾಳಿ ಸದಾ ಒಂದು ಮಗ್ಗುಲಿಂದ ಬರುತ್ತದೆ, ಬೆಂಕಿ ಸದಾ ಇನ್ನೊಂದು ಮಗ್ಗುಲಲ್ಲಿ ಹೊತ್ತುತ್ತದೆ. ಜೋಳದ ರೊಟ್ಟಿಯನ್ನು ಮಗುಚದೆ ಒಂದೇ ಮಗ್ಗುಲು ಬೇಯಿಸಿದಂತೆ. ಬಿಸಿಯಾದ ಮಗ್ಗುಲು ಹಿಗ್ಗುತ್ತದೆ, ತಣ್ಣನೆಯದು ಹಿಗ್ಗುವುದಿಲ್ಲ, ಕವಚ ಸೊಟ್ಟಗಾಗುತ್ತದೆ. ತ್ರಿಕೋನದ ಮೂಲೆಗಳ ಬಿಗುಪಟ್ಟಿಗಳು ಗೋಡೆಯನ್ನು ಸರಿಯಾಗಿ ಮುಟ್ಟದಾಗುತ್ತವೆ. ಇದಕ್ಕಿಂತ ದೊಡ್ಡ ಅಪಾಯ ಮಾಜ್ದಾ ಮಾದರಿಯ ಎಂಜಿನ್ನುಗಳಲ್ಲಿ ಇನ್ನೊಂದಿದೆ. ಕವಚದ ಬಿಲ್ಲೆಗಳ ನಡುವೆ ನೀರು ಸೋರದಂತೆ ಸುತ್ತಲೂ ರಬ್ಬರಿನಂಥ ಸೀಲುಗಳಿರುತ್ತವೆ. ಒಮ್ಮೆ ಅತಿಯಾಗಿ ಕಾದರೆ ಆ ಸೀಲುಗಳು ಕೆಡುತ್ತವೆ, ನೀರು ಬೆಂಕಿಯ ಕೋಣೆಗೆ ನುಗ್ಗುತ್ತದೆ. ಎನ್‌ಎಎಲ್‌ನವರು ಕವಚದ ಒಳಗೋಡೆಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಲೇಪ ಕೊಟ್ಟು ಸವೆತವನ್ನು ಎದುರಿಸಿದರು. ಶಾಖವನ್ನು ಮಾತ್ರ ಲೇಪದಿಂದ ಕಳೆಯಲಾಗದು, ಹೊತ್ತು ಹೊರಗೆ ಹಾಕಲೇಬೇಕು. ಕಾರಿನ ವಾಂಕೆಲ್‌ನಲ್ಲಿ ಕವಚವನ್ನು ನೀರು, ಒಳಗಿನ ತ್ರಿಕೋನವನ್ನು ಎಣ್ಣೆ ತಣಿಸುತ್ತವೆ. ಚಾಲಕರಹಿತ ವಿಮಾನಗಳ ಸಣ್ಣ ಎಂಜಿನ್ನುಗಳಲ್ಲಿ ತ್ರಿಕೋನದ ಒಳಗೆ ಗಾಳಿಯನ್ನು ಹಾಯಿಸುವ ಪದ್ಧತಿಯೂ ಉಂಟು.

ಎಷ್ಟು ನೀರು ಬೇಕು? ಇದು ನಮ್ಮ ಮಕ್ಕಳು ಮಾಡಬಹುದಾದ ಲೆಕ್ಕ. 1 ಕಿಲೋಗ್ರಾಂ ನೀರನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಬೇಕು. ಸೆಕೆಂಡಿಗೆ 1 ಲೀಟರ್ ನೀರು ಎಂಜಿನ್ನನ್ನು ಹಾಯ್ದು 10 ಡಿಗ್ರಿ ಬಿಸಿಯಾಗಿ ಹೊರಬಂದರೆ ಅದು 42 ಕಿಲೋವಾಟ್ ಶಾಖವನ್ನು ಹೊತ್ತು ತಂದಂತೆ. 55 ಅಶ್ವಶಕ್ತಿ ಎಂದರೂ ಸುಮಾರು 41 ಕಿಲೋವಾಟ್. ಅಂದರೆ ಇಂಥ ಎಂಜಿನ್ನಿನ ಇಡೀ ಬಲಕ್ಕೆ ಸಮನಾದ ಶಾಖವನ್ನು ಸೆಕೆಂಡಿಗೊಂದು ಲೀಟರ್ ನೀರು ಹೊರಬಲ್ಲದು. ಹೊಳೆಯೇನೂ ಬೇಕಿಲ್ಲ. ಒಂದೆರಡು ಕೊಡದ ನೀರನ್ನೇ ಎಂಜಿನ್ನಿನಿಂದ ರೇಡಿಯೇಟರಿಗೆ, ರೇಡಿಯೇಟರಿನಿಂದ ಎಂಜಿನ್ನಿಗೆ ಸುತ್ತಿಸುತ್ತಿದ್ದರೆ ಸಾಕು. ರೈಟ್ ಸಹೋದರರ 1903ರ ಎಂಜಿನ್ ಕೂಡ ನೀರಿನಿಂದ ತಣಿಯುತ್ತಿದ್ದದ್ದೇ. ಹುಡುಗಿಯ ಪ್ರಶ್ನೆಗೆ ಇದು ನೇರ ಉತ್ತರ. ಆದರೆ ತೊಡಕೆಲ್ಲ ಆ ಸುತ್ತಿನಲ್ಲಿದೆ.

ವಿದೇಶಗಳಲ್ಲಿ ತಮ್ಮ ಕೊಟ್ಟಿಗೆಯಲ್ಲಿಯೇ ಪುಟ್ಟ ವಿಮಾನ ಕಟ್ಟಿ, ಮಾಜ್ದಾ ಕಾರಿನ 13ಬಿ ಎಂಬ ವಾಂಕೆಲ್ ಎಂಜಿನ್ನನ್ನು ಅದಕ್ಕೆ ಕೂಡಿಸಿ ಹಾರಿಸುವ ಹವ್ಯಾಸಿಗಳಿದ್ದಾರೆ. ಅವರ ಮೊದಲ ಕಷ್ಟ ಸ್ಥಳದ್ದು. ಕಾರಿನ ಅಗಲವಾದ ರೇಡಿಯೇಟರ್ ವಿಮಾನದ ಮೂತಿಯಲ್ಲಿ ಹಿಡಿಸದು. ಆದ್ದರಿಂದ ಅನೇಕರು ಕಾರಿನ ಹವಾನಿಯಂತ್ರಣದ ಇವಾಪೊರೇಟರ್ ಎಂಬ ದಪ್ಪನೆಯ ಗೂಡುಗಳನ್ನು ಎರಡು ತಂದು, ಎಂಜಿನ್ನಿನ ಎಡಬಲಗಳಲ್ಲಿಟ್ಟು ರೇಡಿಯೇಟರಿನಂತೆ ಬಳಸುತ್ತಾರೆ. ಆಗ ಏಳುವ ತಕರಾರು: ಎರಡನ್ನು ಸರಣಿಯಲ್ಲಿ ಜೋಡಿಸಬೇಕೋ, ಸಮಾಂತರವಾಗಿಯೋ? ಹತ್ತನೆಯ ತರಗತಿಯ ವಿದ್ಯುತ್ ಪಾಠವನ್ನು ನೆನೆದವರಿಗೆ ಇದು ಹೊಸದಲ್ಲ. ಸರಣಿಯಲ್ಲಾದರೆ ಎಲ್ಲ ನೀರೂ ಎರಡು ಗೂಡುಗಳನ್ನೂ ದಾಟಬೇಕು. ಸಮಾಂತರದಲ್ಲಿ ಅರ್ಧರ್ಧ ಹಂಚಿಹೋಗುತ್ತದೆ. ನೀರಿನ ತಡೆ ಹರಿವಿನ ವರ್ಗದಂತೆ ಏರುವುದರಿಂದ, ಅಷ್ಟೇ ನೀರನ್ನು ಸುತ್ತಿಸಲು ಎರಡು ಸಮಾನ ಗೂಡುಗಳು ಸರಣಿಯಲ್ಲಿ ಒಡ್ಡುವ ತಡೆ ಸಮಾಂತರದ್ದಕ್ಕಿಂತ ಸುಮಾರು 8 ಪಟ್ಟು. ಹಾಗಾದರೆ ತೀರ್ಪು ಸಮಾಂತರದ ಪರವಾಗಿಯೇ ಎನ್ನಬೇಡಿ, ಎದುರು ಪಕ್ಷದ ವಾದವೂ ಇದೆ. ಸರಣಿಯಲ್ಲಿ ನೀರಿನ ವೇಗ ಹೆಚ್ಚು. ಗಾಳಿಯ ಗುಳ್ಳೆಗಳನ್ನು ಅದು ನೂಕಿಕೊಂಡು ಹೋಗುತ್ತದೆ. ಸಮಾಂತರದಲ್ಲಿ ಒಂದು ಗೂಡಿಗೆ ಗಾಳಿ ಹಿಡಿದರೆ ನೀರು ತಕರಾರಿಲ್ಲದೆ ಇನ್ನೊಂದರ ಮೂಲಕ ಹರಿದುಬಿಡುತ್ತದೆ. ಗಾಳಿ ಹಿಡಿದದ್ದು ಹಿಡಿದಂತೆಯೇ ಉಳಿಯುತ್ತದೆ. ನನ್ನ ಗೂಟದ ಮೇಲಿನ ಕೊಳವೆಯಲ್ಲಿ ಆದದ್ದೂ ಇದೇ: ದೊಡ್ಡ ಕೊಳವೆ ಹರಿಯುತ್ತಿತ್ತು, ಕವಲು ಸತ್ತಿತ್ತು. ಪಾಟೀಸವಾಲಿನ ನಂತರವೂ ನಾನು ಸಮಾಂತರದ ಪರವೇ, ಆದರೆ ಎರಡು ಷರತ್ತುಗಳ ಮೇಲೆ. ಎರಡು ಕಡೆಯ ಕೊಳವೆಗಳು ಉದ್ದದಲ್ಲಿ, ಬಾಗಿನಲ್ಲಿ ಸಮನಾಗಿರಬೇಕು. ಪ್ರತಿ ಗೂಡಿನ ನೆತ್ತಿಯಿಂದಲೂ ಗಾಳಿ ಹೊರಹೋಗಲು ಒಂದು ಸಣ್ಣ ಕೊಳವೆ ಇರಬೇಕು.

ಆ ಸಣ್ಣ ಕೊಳವೆಗಳು ಹೋಗಿ ಸೇರುವುದು ಇಡೀ ವ್ಯವಸ್ಥೆಯ ಎಲ್ಲಕ್ಕಿಂತ ಎತ್ತರದಲ್ಲಿರುವ ಒಂದು ಪುಟ್ಟ ತೊಟ್ಟಿಗೆ. ಅದರ ಕೆಳಗಿನಿಂದ ಒಂದು ದಪ್ಪ ಕೊಳವೆ ಪಂಪು ನೀರೆಳೆಯುವ ಬಾಯಿಗೆ ಬರುತ್ತದೆ. ಗಾಳಿ ಮೇಲೇರಿ ತೊಟ್ಟಿಯಲ್ಲಿ ಉಳಿಯುತ್ತದೆ, ನೀರು ಕೆಳಗಿಳಿದು ಪಂಪಿಗೆ ಸೇರುತ್ತದೆ. ಎಳೆಯುವ ಬಾಯಿಯಲ್ಲಿ ಒತ್ತಡ ಕುಸಿದರೆ ನೀರು ಅಲ್ಲಿಯೇ ಕುದಿದು ಪಂಪು ಬರೀ ಹಬೆಯನ್ನು ಕಡೆಯತೊಡಗುತ್ತದೆ. ಆದ್ದರಿಂದ ಆ ಕಡೆಯ ಕೊಳವೆ ದಪ್ಪವೂ ಗಿಡ್ಡವೂ ಇರಬೇಕು. ಒಳಕ್ಕೆ ಕುಸಿಯದಂತೆ ಸುರುಳಿ ತಂತಿಯ ಆಸರೆ ಇದ್ದರೆ ಒಳ್ಳೆಯದು. ತೊಟ್ಟಿಯ ಮುಚ್ಚಳ ಒತ್ತಡ ಹಿಡಿದಿಡುವಂಥದು. 3000 ಮೀಟರ್ ಎತ್ತರದಲ್ಲಿ ತೆರೆದ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಹೊರಗಿನದಕ್ಕಿಂತ ಒಂದು ವಾಯುಭಾರದಷ್ಟು ಹೆಚ್ಚು ಒತ್ತಡ ಹಿಡಿದಿಟ್ಟರೆ ಕುದಿಯುವ ಬಿಂದು ಸುಮಾರು 20 ಡಿಗ್ರಿ ಮೇಲೇರುತ್ತದೆ. ನೀರಿಗೆ ಬೆರೆಸುವ ಗ್ಲೈಕಾಲ್ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಅದು ಸಿಹಿಯಾದ ವಿಷ. ಮನೆಯಲ್ಲಿ ಕಾರಿರುವವರು ಅದರ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಎಲ್ಲಕ್ಕಿಂತ ಎತ್ತರ ಎಂದೆನಷ್ಟೆ. ವಿಮಾನದಲ್ಲಿ ಎತ್ತರದ ಬಿಂದು ಒಂದೇ ಕಡೆ ನಿಲ್ಲುವುದಿಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು. ಬಾಲದ ಕೆಳಗೆ ಪುಟ್ಟ ಚಕ್ರವಿರುವ ವಿಮಾನ ನೆಲದ ಮೇಲೆ ಮೂತಿ ಎತ್ತಿಕೊಂಡು ನಿಂತಿರುತ್ತದೆ. ಹಾಗೆ ನಿಂತಿದ್ದಾಗ ನೀರು ತುಂಬಿ, ಗಾಳಿಯೆಲ್ಲ ಹೋಯಿತೆಂದು ಮುಚ್ಚಳ ಹಾಕಿರುತ್ತಾರೆ. ಹಾರುವಾಗ ಅದು ಮಟ್ಟಸವಾದರೆ ಇನ್ನಾವುದೋ ಬಾಗು ಎತ್ತರವಾಗುತ್ತದೆ, ಅಡಗಿದ್ದ ಗಾಳಿ ಅಲ್ಲಿಗೆ ಹರಿದು ಕೂಡುತ್ತದೆ. ಅತ್ಯಂತ ಕಠಿಣ ಘಳಿಗೆಯೆಂದರೆ ಏರುವಾಗ: ಎಂಜಿನ್ ಪೂರ್ಣ ಬಲದಲ್ಲಿರುತ್ತದೆ, ವೇಗ ಕಡಿಮೆಯಿರುವುದರಿಂದ ರೇಡಿಯೇಟರಿಗೆ ಗಾಳಿ ಸಾಲದು, ಮೂತಿ ಮೇಲಿರುತ್ತದೆ. ನಮ್ಮ ಕಡೆಯ ಮೇ ತಿಂಗಳ ಸೆಖೆಯನ್ನೂ ಸೇರಿಸಿ. ನೀರು 100 ಡಿಗ್ರಿ, ಹೊರಗಿನ ಗಾಳಿ 15 ಡಿಗ್ರಿ ಇರುವ ದೇಶದಲ್ಲಿ ಅಂತರ 85. ಗಾಳಿ 43 ಡಿಗ್ರಿ ಇರುವ ಗದ್ವಾಲದಲ್ಲಿ ಅಂತರ 57. ಅದೇ ರೇಡಿಯೇಟರ್ ಇಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ಕೆಲಸ ಮಾಡೀತು. ಹೊರಗಿನ ನಕ್ಷೆಯನ್ನು ಹಾಗೆಯೇ ನಕಲು ಮಾಡಿದವನಿಗೆ ಬಿಸಿಲು ಪಾಠ ಕಲಿಸುತ್ತದೆ.

ಥರ್ಮೋಸ್ಟಾಟ್ ಬಗ್ಗೆ ಒಂದೇ ಮಾತು. ಅದು ಇದ್ದರೆ ತೊಂದರೆ ಎಂದು ಕಿತ್ತೆಸೆಯುವ ಹವ್ಯಾಸಿಗಳಿದ್ದಾರೆ. ಮಾಜ್ದಾ ಎಂಜಿನ್ನಿನಲ್ಲಿ ಅದನ್ನು ಕಿತ್ತರೆ ಜೊತೆಗಿರುವ ಒಳದಾರಿಯನ್ನೂ ಮುಚ್ಚಬೇಕು. ಇಲ್ಲದಿದ್ದರೆ ಬಿಸಿನೀರು ರೇಡಿಯೇಟರಿನ ಕಡೆ ಪೂರ್ತಿ ಹೋಗದೆ ಒಳದಾರಿಯಿಂದಲೇ ಪಂಪಿಗೆ ಮರಳುತ್ತದೆ.

ಕೊಳವೆಯ ಬಾಯಿಗೆ ಉಬ್ಬು ಅಂಚು ಇರಬೇಕು, ಕ್ಲಾಂಪು ಆ ಉಬ್ಬಿನ ಹಿಂದೆ ಕೂಡಬೇಕು. ನಡುಗುವ ಎಂಜಿನ್ನಿಗೂ ನಡುಗದ ರೇಡಿಯೇಟರಿಗೂ ನಡುವೆ ಬಾಗುವ ರಬ್ಬರ್ ಇರಬೇಕು, ಆ ರಬ್ಬರ್ ಯಾವ ಕಬ್ಬಿಣಕ್ಕೂ ಉಜ್ಜಬಾರದು. ಇವೆಲ್ಲ ಸಣ್ಣ ವಿಷಯಗಳು. ಕಾರಾದರೆ ರಸ್ತೆಯ ಬದಿಗೆ ನಿಲ್ಲಿಸಬಹುದು.

ನನ್ನನ್ನು ಹೆಚ್ಚು ಕಾಡಿದ್ದು ಉಷ್ಣಮಾಪಕದ ವಿಚಾರ. ಅದರ ಸಂವೇದಕ ನೀರಿನಲ್ಲಿ ಮುಳುಗಿರುವವರೆಗೆ ನಿಜ ಹೇಳುತ್ತದೆ. ಕೊಳವೆ ಕಳಚಿ ನೀರೆಲ್ಲ ಸೋರಿಹೋದರೆ ಅದು ಬರೀ ಗಾಳಿ, ಹಬೆಗಳ ನಡುವೆ ಉಳಿಯುತ್ತದೆ. ಎಂಜಿನ್ ಬೇಯುತ್ತಿರುವಾಗಲೂ ಮುಳ್ಳು ಏರದಿರಬಹುದು, ಇಳಿಯಲೂಬಹುದು. ಚಾಲಕ ಅದನ್ನು ನೋಡಿ ತಂಪಾಗುತ್ತಿದೆ ಎಂದುಕೊಳ್ಳುತ್ತಾನೆ. ಆದ್ದರಿಂದ ಬಲ್ಲವರು ಉಷ್ಣಮಾಪಕದ ಪಕ್ಕದಲ್ಲಿ ನೀರಿನ ಒತ್ತಡದ ಮಾಪಕವನ್ನೂ ಇಡುತ್ತಾರೆ. ನೀರು ಹೋದ ಕ್ಷಣ ಒತ್ತಡ ಬೀಳುತ್ತದೆ, ಎಂಜಿನ್ ಕೆಡುವುದಕ್ಕೆ ಮುಂಚೆ ಇಳಿಯಲು ಕೆಲವು ನಿಮಿಷಗಳಾದರೂ ದೊರೆಯುತ್ತವೆ. 1996ರ ರಾತ್ರಿ ಕಾಲುವೆ ಸುಳ್ಳು ಹೇಳಲಿಲ್ಲ, ಅದರಲ್ಲಿ ನೀರಿತ್ತು. ನಾನು ಕೇಳಬಾರದ ಸಾಕ್ಷಿಯನ್ನು ಕೇಳಿದೆ. ಕೇಳಬೇಕಾದ ಸಾಕ್ಷಿ, ಎಂಜಿನ್ನಿನ ತಲೆಯಿಂದ ಸುರಿಯಬೇಕಿದ್ದ ಬೆರಳುಗಾತ್ರದ ಬಿಸಿನೀರಿನ ಧಾರೆ, ನಾನು ಮಲಗಿದ್ದ ಜಾಗದಿಂದ ಆರು ಹೆಜ್ಜೆ ದೂರದಲ್ಲಿತ್ತು.

ಇದನ್ನೆಲ್ಲ ಹುಡುಗಿಗೆ ಬಾಯಲ್ಲಿ ಹೇಳಿದರೆ ತಿಳಿಯಲಾರದೆಂದು, ಶಾಲೆಯ ವಿಜ್ಞಾನ ಪ್ರದರ್ಶನದ ನೆಪದಲ್ಲಿ ಇಬ್ಬರೂ ಸೇರಿ ಒಂದು ಮಾದರಿ ಕಟ್ಟಿದೆವು. ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಕೊಳವೆ ನಾಲ್ಕು ಮೀಟರ್, ಮೀನಿನ ತೊಟ್ಟಿಯ ಪುಟ್ಟ ಪಂಪು, ರೇಡಿಯೇಟರುಗಳ ಬದಲು ಕೊಳವೆಯದೇ ಎರಡು ಸುರುಳಿ, ಎತ್ತರದ ತೊಟ್ಟಿಗೆ ತಳ ಕತ್ತರಿಸಿ ಬೋರಲು ಹಾಕಿದ ನೀರಿನ ಬಾಟಲಿ. ನೀರಿಗೆ ಕುಂಕುಮ ಕದಡಿದೆವು. ಎಲ್ಲವನ್ನೂ ಒಂದು ಹಲಗೆಗೆ ಕಟ್ಟಿ, ಎರಡು ಸುರುಳಿಗಳ ನೆತ್ತಿಯಿಂದಲೂ ಸಣ್ಣ ಕೊಳವೆ ಬಿಟ್ಟೆವು. ಕೆಂಪು ನೀರು ಎರಡರಲ್ಲಿಯೂ ಸೊಗಸಾಗಿ ಸುತ್ತಿತು. ಆಮೇಲೆ ನಾನು, ವಿಮಾನ ಏರುತ್ತಿದೆ ಎಂದು ಹೇಳಿ ಹಲಗೆಯ ಒಂದು ತುದಿಯನ್ನು ಎತ್ತಿದೆ. ಎಲ್ಲಿಂದಲೋ ಹೆಬ್ಬೆರಳಿನಷ್ಟು ಗಾಳಿ ಹರಿದುಬಂದು ಬಲಗಡೆಯ ಸುರುಳಿಯ ಹಿಂದಿನ ಬಾಗಿನಲ್ಲಿ ಕುಳಿತಿತು. ಬಲಗಡೆ ಹರಿವು ನಿಂತಿತು. ಎಡಗಡೆ ನೀರು ಏನೂ ಆಗದವರಂತೆ ಓಡುತ್ತಿತ್ತು.

ಅವಳು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಳು. ಬಳಿಕ ಆ ಬಾಗಿನಲ್ಲಿ ಸೂಜಿ ಕಾಸಿ ತೂತು ಕೊರೆದು, ಮುಗಿದ ಬಾಲ್‌ಪೆನ್ನಿನ ನಳಿಕೆಯನ್ನು ಸಿಕ್ಕಿಸಿ, ಅಲ್ಲಿಂದ ಬಾಟಲಿಗೆ ಮೂರನೆಯ ಕೊಳವೆಯೊಂದನ್ನು ಕಟ್ಟಿ, "ಈಗ ಎತ್ತು ಕಾಕಾ" ಎಂದಳು.